ಹನ್ನೆರಡು ವರ್ಷದ ಬೆಳೆ, ನಿನ್ನೆಯ ಧಾರಣೆ

(ಹೊಸಬಾಳೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ವ್ಯಾಪಾರದ ತೀರ್ಮಾನಗಳನ್ನು ಕೃತಕ ಬುದ್ಧಿಮತ್ತೆಯ ಕೈಗೆ ಕೊಡುವಾಗ ಅದಕ್ಕೆ ಎಷ್ಟು ವರ್ಷದ ಹಳೆಯ ಲೆಕ್ಕ ಉಣಿಸಬೇಕು, ಇತ್ತೀಚಿನ ಲೆಕ್ಕಕ್ಕೆ ಎಷ್ಟು ತೂಕ ಕೊಡಬೇಕು ಎಂಬುದು ಇಂದಿನ ವಿಷಯ. ಇದು ಬೆಂಗಳೂರಿನ ಯಾವುದೋ ಕಂಪನಿಯ ಸಭೆಯಲ್ಲಿ ಆಡುವ ಮಾತು, ನಮಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಈ ಪ್ರಶ್ನೆಯನ್ನು ತುಂಬ ಎಚ್ಚರದಿಂದ ಎದುರಿಸಿದ ಒಬ್ಬ ಆಡಳಿತಗಾರ ಇಲ್ಲಿಂದ ಹೆಚ್ಚು ದೂರವಿಲ್ಲದ ಕೆಳದಿಯವನು. ಅವನಿಂದಲೇ ಶುರು ಮಾಡುತ್ತೇನೆ.

ಶಿವಪ್ಪನಾಯಕ 1645ರಿಂದ 1660ರವರೆಗೆ ಆಳಿದ. ಅವನ ‘ಶಿಸ್ತು’ ಎಂಬ ಭೂಕಂದಾಯ ವ್ಯವಸ್ಥೆ ನಮ್ಮ ಭಾಗದಲ್ಲಿ ಮನೆಮಾತು. ಅದನ್ನು ಕಟ್ಟಿದ ಬಗೆಯನ್ನು ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ವಿವರವಾಗಿ ಬರೆದಿಟ್ಟಿದ್ದಾರೆ. ಜಮೀನನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರ ಮಾಡಿದರು. ಪ್ರತಿ ಊರಿನಲ್ಲೂ ಪ್ರತಿ ತರದ ಒಂದು ಗದ್ದೆಯನ್ನು ಸಂಸ್ಥಾನದ ಖರ್ಚಿನಲ್ಲೇ ಸತತ 12 ವರ್ಷ ಉಳುಮೆ ಮಾಡಿಸಿದರು. ಹಾಕಿದ ಬೀಜ ಎಷ್ಟು, ಸಾಗುವಳಿಯ ಖರ್ಚು ಎಷ್ಟು, ಬಂದ ಬೆಳೆ ಎಷ್ಟು, ಅದರ ಬೆಲೆ ಎಷ್ಟು, ಎಲ್ಲಕ್ಕೂ ಲೆಕ್ಕ ಇಟ್ಟರು. ಹನ್ನೆರಡು ವರ್ಷದ ಸರಾಸರಿ ತೆಗೆದು, ಅದರ ಮೂರನೇ ಒಂದು ಪಾಲನ್ನು ಸರ್ಕಾರದ ಪಾಲು ಎಂದು ನಿಗದಿ ಮಾಡಿದರು. ಹದಿನೈದು ವರ್ಷ ಆಳಿದ ದೊರೆ ಹನ್ನೆರಡು ವರ್ಷ ಅಳತೆ ಮಾಡಿಸಿದ ಎಂದರೆ ಅವನ ತಾಳ್ಮೆಯನ್ನು ನೀವೇ ಊಹಿಸಿ. ಇವತ್ತು ಯಾವ ಕಂಪನಿಯ ಮುಖ್ಯಸ್ಥನೂ ಮೂರು ತಿಂಗಳಿಗಿಂತ ಹೆಚ್ಚು ಕಾಯುವುದಿಲ್ಲ.

ಹನ್ನೆರಡೇ ಏಕೆ ಎಂದು ಬರೆದಿಟ್ಟದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ ಮಲೆನಾಡಿನ ಸೆರಗಿನಲ್ಲಿರುವ ನಮಗೆ ಅದರ ಹಿಂದಿನ ಬುದ್ಧಿ ಅರ್ಥವಾಗುತ್ತದೆ. ಮೂರು ವರ್ಷ ನೋಡಿದರೆ ಮೂರೂ ಒಳ್ಳೆಯ ಮಳೆಯ ವರ್ಷಗಳಾಗಿಬಿಡಬಹುದು. ಹನ್ನೆರಡು ವರ್ಷದಲ್ಲಿ ಒಂದೆರಡು ಬರ, ಒಂದೆರಡು ಅತಿವೃಷ್ಟಿ, ಹುಳ ಬಿದ್ದ ಒಂದು ವರ್ಷ ಎಲ್ಲವೂ ಬಂದು ಹೋಗುತ್ತವೆ. ಹಳೆಯ ಲೆಕ್ಕದ ಮೊದಲ ಉಪಯೋಗ ಇದು: ಏರಿಳಿತದ ಮೇರೆ ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸುವುದು.

ಆಮೇಲಿನ ಕಥೆ ಕಡಿಮೆ ಜನರಿಗೆ ಗೊತ್ತು. ಆ ದರ 1660ರಿಂದ 39 ವರ್ಷ ಹಾಗೇ ನಡೆಯಿತು. ಬಳಿಕ ದಾಸೋಹದ ಖರ್ಚಿಗೆಂದು ರೂಪಾಯಿಗೆ ಒಂದಾಣೆ ಸೇರಿಸಿದರು. 1736ರಲ್ಲಿ ಮೊಗಲರ ಬೇಡಿಕೆ ತೀರಿಸಲು ‘ಪಗದಿ’ ಎಂದು ರೂಪಾಯಿಗೆ ನಾಲ್ಕಾಣೆ ಹೇರಿದರು. ಗಮನಿಸಿ: ಮತ್ತೆ ಗದ್ದೆ ಬಿತ್ತಿಸಿ ಅಳೆದ ಸುದ್ದಿ ಇಲ್ಲ. ಹಳೆಯ ಅಂಕಿಯ ಮೇಲೆ ಹೊಸ ಪಟ್ಟಿ ಹಚ್ಚುತ್ತ ಹೋದರು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವ ಹೊತ್ತಿಗೆ ಆ ಹನ್ನೆರಡು ವರ್ಷದ ಅಳತೆಗೆ ನೂರು ವರ್ಷ ದಾಟಿತ್ತು. ಅಳೆದವರ ಶ್ರದ್ಧೆಯಲ್ಲಿ ಕೊರತೆ ಇರಲಿಲ್ಲ. ಅಳತೆಗೂ ಒಂದು ಆಯುಷ್ಯ ಇದೆ ಎಂಬುದನ್ನು ಮುಂದಿನವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇದೇ ನೆಲದ ಇನ್ನೊಂದು ಜಾಣತನವನ್ನೂ ಹೇಳಿಬಿಡುತ್ತೇನೆ, ದತ್ತಿ ಉಪನ್ಯಾಸವಾದ್ದರಿಂದ ಅದು ಇಲ್ಲಿ ಸಲ್ಲುತ್ತದೆ. ಬಳ್ಳಿಗಾವಿಯ ಶಾಸನಗಳನ್ನು ನೋಡಿ. ಮಠಕ್ಕೆ, ಅನ್ನಛತ್ರಕ್ಕೆ, ಓದುವ ಹುಡುಗರಿಗೆ ಕೊಟ್ಟ ದಾನಗಳಲ್ಲಿ ಭೂಮಿಯದೇ ದೊಡ್ಡ ಪಾಲು. ಇಷ್ಟು ಹಣ ಎಂದು ಬರೆದಿದ್ದರೆ ಆ ಹಣದ ಬೆಲೆ ನಾಲ್ಕು ತಲೆಮಾರಿಗೆ ಕರಗಿಹೋಗುತ್ತಿತ್ತು. ಗದ್ದೆ ಆಯಾ ಕಾಲದ ಬೆಳೆಯನ್ನು ಆಯಾ ಕಾಲದ ಧಾರಣೆಯಲ್ಲಿ ಕೊಡುತ್ತದೆ. ನಮ್ಮ ಇಂದಿನ ದತ್ತಿನಿಧಿಗಳು ಬ್ಯಾಂಕಿನ ಠೇವಣಿಯಲ್ಲಿವೆ. ಇಟ್ಟ ವರ್ಷದಲ್ಲಿ ಆ ಬಡ್ಡಿಯಿಂದ ಎರಡು ದಿನದ ಕಾರ್ಯಕ್ರಮ ಮಾಡಬಹುದಿತ್ತು, ಈಗ ಒಂದು ಹಾರ, ಒಂದು ಶಾಲಿಗೆ ಸರಿಹೋಗುತ್ತದೆ. ಕಾರ್ಯದರ್ಶಿಗಳು ನಗುತ್ತಿದ್ದಾರೆ, ಮುಂದೆ ಹೋಗೋಣ.

ಈಗ ಯಂತ್ರದ ಮಾತು. ಕೃತಕ ಬುದ್ಧಿಮತ್ತೆ ಎಂದು ನಾವು ಕರೆಯುವ ಮುನ್ಸೂಚನೆಯ ಮಾದರಿಗಳಲ್ಲಿ ಹಲವು ಬಗೆ ಇವೆ. ಆದರೆ ಧಾರಣೆ, ಬೇಡಿಕೆ, ದಾಸ್ತಾನು ಇಂಥವನ್ನು ಹೇಳುವ ಯಾವ ಮಾದರಿಯಾದರೂ ಹಿಂದೆ ಆದದ್ದನ್ನು ನೋಡಿ ಮುಂದಿನದನ್ನು ಊಹಿಸುತ್ತದೆ. ಹಿಂದಿನ ಯಾವ ವರ್ಷಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದು ಅದರೊಳಗೆ ಎಲ್ಲೋ ಒಂದು ಕಡೆ ಅಂಕಿಯಾಗಿ ಕುಳಿತಿರುತ್ತದೆ. 1950ರ ದಶಕದಲ್ಲಿ ಅಮೆರಿಕದ ರಾಬರ್ಟ್ ಬ್ರೌನ್, ಚಾರ್ಲ್ಸ್ ಹೋಲ್ಟ್ ಎಂಬವರು ದಾಸ್ತಾನು ಲೆಕ್ಕಕ್ಕಾಗಿ ರೂಪಿಸಿದ ಒಂದು ಸರಳ ವಿಧಾನದಲ್ಲಿ ಇದು ಬರಿಗಣ್ಣಿಗೇ ಕಾಣುತ್ತದೆ. ಈ ವರ್ಷಕ್ಕೆ ನೂರರಲ್ಲಿ 20 ಪಾಲು ತೂಕ ಕೊಟ್ಟರೆ ಹೋದ ವರ್ಷಕ್ಕೆ 16, ಅದರ ಹಿಂದಿನದಕ್ಕೆ 12.8, ಹೀಗೆ ಇಳಿಯುತ್ತ ಹತ್ತು ವರ್ಷ ಹಿಂದಿನದಕ್ಕೆ ಸುಮಾರು 2 ಪಾಲು ಉಳಿಯುತ್ತದೆ. ಈ ವರ್ಷಕ್ಕೇ 50 ಪಾಲು ಕೊಟ್ಟರೋ, ಹತ್ತು ವರ್ಷ ಹಿಂದಿನ ವರ್ಷದ ಪಾಲು ನೂರರಲ್ಲಿ 0.05. ಅದು ನಡೆದೇ ಇಲ್ಲ ಎಂದಂತೆ. ಆ 20 ಅಥವಾ 50 ಎಂಬ ಅಂಕಿಯನ್ನು ಯಾರೋ ಒಬ್ಬ ಎಂಜಿನಿಯರ್ ಇಟ್ಟಿರುತ್ತಾನೆ, ಇಲ್ಲವೇ ಯಂತ್ರ ತಾನೇ ಹುಡುಕಿಕೊಂಡಿರುತ್ತದೆ. ಯಂತ್ರ ಹುಡುಕುವುದು ಹೇಗೆಂದರೆ, ಹಿಂದಿನ ಲೆಕ್ಕದ ಮೇಲೆ ಯಾವ ಅಂಕಿ ಕಡಿಮೆ ತಪ್ಪಿತೋ ಅದನ್ನು ಆರಿಸಿಕೊಳ್ಳುತ್ತದೆ. ಹಿಂದಿನ ಲೆಕ್ಕದ ಅವಧಿ ಶಾಂತವಾಗಿದ್ದರೆ ಅದು ಶಾಂತಕಾಲದ ಅಂಕಿ. ಗದ್ದಲದ ಕಾಲಕ್ಕೆ ಅದು ಒಗ್ಗುತ್ತದೆ ಎಂಬ ಖಾತರಿ ಇಲ್ಲ.

ಇಷ್ಟು ಸಣ್ಣ ಅಂಕಿಯಿಂದ ಯಾರ ಜೇಬಿಗೆ ಏನಾಗುತ್ತದೆ ಎಂದು ನೋಡಬೇಕಾದರೆ ಬೆಳೆ ವಿಮೆಗೆ ಬನ್ನಿ. 2016ರಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಬಂತು. ನಷ್ಟ ಆಯಿತೋ ಇಲ್ಲವೋ ಎಂದು ತೀರ್ಮಾನಿಸಲು ಅದು ಒಂದು ‘ಪ್ರಾರಂಭಿಕ ಇಳುವರಿ’ ಇಟ್ಟುಕೊಳ್ಳುತ್ತದೆ. ಈ ವರ್ಷದ ಇಳುವರಿ ಅದಕ್ಕಿಂತ ಎಷ್ಟು ಕಡಿಮೆಯೋ ಅಷ್ಟು ಪ್ರಮಾಣದ ಪರಿಹಾರ. 2018ರ ಪರಿಷ್ಕೃತ ನಿಯಮದ ಪ್ರಕಾರ ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿ ತೆಗೆದು, ಅದನ್ನು ನಷ್ಟಭರ್ತಿ ಮಟ್ಟದಿಂದ, ಎಂದರೆ ಸರಾಸರಿಯ ನೂರಕ್ಕೆ ಎಷ್ಟು ಪಾಲಿಗೆ ವಿಮೆಯ ರಕ್ಷಣೆ ಎಂಬ ಅಂಕಿಯಿಂದ, ಗುಣಿಸಿ ಇದನ್ನು ಕಟ್ಟುತ್ತಾರೆ.

ಒಂದು ಕಲ್ಪಿತ ಪಂಚಾಯಿತಿಯ ಮೆಕ್ಕೆಜೋಳ ತೆಗೆದುಕೊಳ್ಳಿ. ಏಳು ವರ್ಷದ ಇಳುವರಿ ಎಕರೆಗೆ ಕ್ವಿಂಟಾಲಿನಲ್ಲಿ 24, 26, 25, 27, 14, 20, 19 ಇರಲಿ. ಈ ವರ್ಷ ಬಂದದ್ದು 17. ನಷ್ಟಭರ್ತಿ ಮಟ್ಟ ನೂರಕ್ಕೆ 80. ಉತ್ತಮ ಐದು ವರ್ಷದ ಸರಾಸರಿ 24.4, ಅದರ 80 ಪಾಲು 19.5. ರೈತನಿಗೆ ವಿಮಾ ಮೊತ್ತದ ಸುಮಾರು 13 ಪಾಲು ಸಿಗುತ್ತದೆ. ಏಳೂ ವರ್ಷ ಹಿಡಿದಿದ್ದರೆ ಅಂಕಿ 17.7ಕ್ಕೆ ಇಳಿಯುತ್ತದೆ, ಸಿಗುವುದು 4 ಪಾಲು. ‘ಇತ್ತೀಚಿನ ಲೆಕ್ಕವೇ ನಿಜ’ ಎಂದು ಕೊನೆಯ ಮೂರು ವರ್ಷ ಮಾತ್ರ ಹಿಡಿದರೆ ಅಂಕಿ 14 ಕ್ವಿಂಟಾಲು, ಆಗ ನಷ್ಟವೇ ಆಗಿಲ್ಲ. ಅದೇ ಹೊಲ, ಅದೇ ಬೆಳೆ, ಅದೇ ಏಳು ಅಂಕಿ. ಎಷ್ಟು ವರ್ಷ ಹಿಂದಕ್ಕೆ ನೋಡುತ್ತೇವೆ ಎಂಬ ಕಿಟಕಿಯ ಅಗಲ ಬದಲಾದಂತೆ ದುಡ್ಡು ರೈತನಿಂದ ಕಂಪನಿಗೆ, ಕಂಪನಿಯಿಂದ ರೈತನಿಗೆ ಹರಿದಾಡುತ್ತದೆ. ಉತ್ತಮ ಐದು ವರ್ಷ ಎಂಬ ನಿಯಮ ಗಣಿತದಿಂದ ಹುಟ್ಟಿದ್ದಲ್ಲ. ಸತತ ಬರ ಬಿದ್ದ ಊರಿನ ಹಳೆಯ ನಷ್ಟವೇ ಅದರ ಮುಂದಿನ ಪರಿಹಾರವನ್ನು ತಿನ್ನಬಾರದು ಎಂಬ ಧೋರಣೆ ಅದರಲ್ಲಿದೆ. ನನ್ನ ಮಟ್ಟಿಗೆ ಅದು ಸರಿಯಾದ ಧೋರಣೆ. ಆದರೆ ಅದು ನಿಯಮಪುಸ್ತಕದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಬರೆದಿದೆ, ಅದಕ್ಕೇ ನಾನು ಇಲ್ಲಿ ನಿಂತು ಒಪ್ಪಬಹುದು ಅಥವಾ ಜಗಳವಾಡಬಹುದು. ಯಂತ್ರದ ಹೊಟ್ಟೆಯಲ್ಲಿರುವ ಅಂಕಿಯ ಜತೆ ಜಗಳವಾಡುವುದು ಹೇಗೆ?

ಸರ್ಕಾರದ ಹವಾಮಾನ ಇಲಾಖೆಯೂ ಇಂಥ ಕಿಟಕಿ ಇಟ್ಟುಕೊಂಡಿದೆ. ಮುಂಗಾರು ‘ವಾಡಿಕೆಯಷ್ಟು’ ಎನ್ನಲು ಐವತ್ತು ವರ್ಷದ ಸರಾಸರಿಯನ್ನು ಆಧಾರ ಮಾಡಿಕೊಳ್ಳುತ್ತದೆ, ಹತ್ತು ವರ್ಷಕ್ಕೊಮ್ಮೆ ಅದನ್ನು ಮುಂದಕ್ಕೆ ಸರಿಸುತ್ತದೆ. 1961ರಿಂದ 2010ರವರೆಗಿನ ಸರಾಸರಿ 880.6 ಮಿ.ಮೀ. ಇತ್ತು. 2022ರ ಏಪ್ರಿಲ್‌ನಲ್ಲಿ 1971–2020ರ ಸರಾಸರಿಗೆ ಬದಲಾಯಿಸಿದಾಗ ಅದು 868.6 ಆಯಿತು. ದೇಶದಲ್ಲಿ 875 ಮಿ.ಮೀ. ಮಳೆ ಬಿದ್ದ ವರ್ಷ ಹಳೆಯ ಅಳತೆಗೆ ಸ್ವಲ್ಪ ಕಡಿಮೆ, ಹೊಸ ಅಳತೆಗೆ ಸ್ವಲ್ಪ ಹೆಚ್ಚು. ಶಿವಪ್ಪನಾಯಕನ ನಂತರದವರು ಬಿಟ್ಟ ಕೆಲಸ ಇದೇ: ಕಿಟಕಿಯನ್ನು ಗೊತ್ತುಪಡಿಸಿದ ದಿನ, ಎಲ್ಲರಿಗೂ ತಿಳಿಸಿ ಸರಿಸುವುದು.

ಇಷ್ಟರವರೆಗೆ ಹೇಳಿದ್ದು ನಿಧಾನವಾಗಿ ಬದಲಾಗುವ ಸಂಗತಿಗಳ ಮಾತು. ಒಂದೇ ದಿನದಲ್ಲಿ ಎಲ್ಲ ಬದಲಾಗುವುದೂ ಉಂಟು, ಅದರ ಉದಾಹರಣೆಗೆ ಶಿಕಾರಿಪುರದ ಹೊಲಗಳ ಪಕ್ಕಕ್ಕೇ ಹೋದರೆ ಸಾಕು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟವಿಜ್ಞಾನಿಗಳು ಮೆಕ್ಕೆಜೋಳದ ಗಿಡದಲ್ಲಿ ಒಂದು ಹೊಸ ಹುಳು ಕಂಡರು. ಅದು ಫಾಲ್ ಸೈನಿಕ ಹುಳು. ಮೂಲ ಅಮೆರಿಕ ಖಂಡದ್ದು, 2016ರಲ್ಲಿ ಆಫ್ರಿಕಾಕ್ಕೆ ಬಂದಿತ್ತು. ಭಾರತದಲ್ಲಿ ಅದು ಮೊದಲು ದಾಖಲಾದದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ. ಒಂದೆರಡು ವರ್ಷದೊಳಗೆ ದೇಶದ ತುಂಬ ಹರಡಿತು.

ಈಗ 2018ರ ಏಪ್ರಿಲ್‌ನಲ್ಲಿ ಶಿರಾಳಕೊಪ್ಪದ ಒಬ್ಬ ಗೊಬ್ಬರ–ಔಷಧಿ ಅಂಗಡಿಯವರಿಗೆ ಈ ಮುಂಗಾರಿಗೆ ಎಷ್ಟು ಕೀಟನಾಶಕ ತರಿಸಬೇಕು ಎಂದು ಹೇಳುವ ಯಂತ್ರ ಇತ್ತು ಎಂದುಕೊಳ್ಳಿ. ಇಪ್ಪತ್ತು ವರ್ಷದ ಅಚ್ಚುಕಟ್ಟಾದ ಲೆಕ್ಕ ಅದರಲ್ಲಿದೆ. ಮೆಕ್ಕೆಜೋಳಕ್ಕೆ ಔಷಧಿ ಹೊಡೆಯುವವರು ಕಡಿಮೆ ಎಂದು ಅದು ಕಲಿತಿದೆ. ಅದು ಕಲಿತದ್ದು ನಿಜವೇ. ಆದರೆ ಆ ವರ್ಷ ಸುಳಿಯೊಳಗೆ ಹುಳು ಕೂತಾಗ ಅಂಗಡಿಯಲ್ಲಿ ಔಷಧಿ ಇರುವುದಿಲ್ಲ. ಮರುವರ್ಷ ಇತ್ತೀಚಿನ ಲೆಕ್ಕಕ್ಕೆ ಹೆಚ್ಚು ತೂಕ ಕೊಡುವ ಯಂತ್ರ ಇದ್ದರೆ ಅದು ರಾಶಿಗಟ್ಟಲೆ ತರಿಸಲು ಹೇಳುತ್ತದೆ. ಅಷ್ಟರಲ್ಲಿ ರೈತರು ಬೇರೆ ಬೇರೆ ಉಪಾಯ ಕಲಿತಿರುತ್ತಾರೆ. ಇಲ್ಲಿ ತೂಕದ ಅಂಕಿ 20 ಇರಲಿ 50 ಇರಲಿ, ಪ್ರಯೋಜನವಿಲ್ಲ. 2018ರ ಮೇಗಿಂತ ಹಿಂದಿನ ಹುಳದ ಲೆಕ್ಕ ಬೇರೊಂದು ಲೋಕದ್ದು ಎಂದು ಯಾರಾದರೂ ಅದಕ್ಕೆ ಹೇಳಬೇಕು. ಆದರೆ ಅದೇ ಇಪ್ಪತ್ತು ವರ್ಷದ ಮಳೆಯ ಲೆಕ್ಕ, ಬಿತ್ತನೆಯ ತಾರೀಖಿನ ಲೆಕ್ಕ ಹುಳದಿಂದ ಕೆಡುವುದಿಲ್ಲ. ಹಳೆಯದನ್ನು ಇಡಿಯಾಗಿ ಎಸೆಯುವವರೂ ಇಡಿಯಾಗಿ ಹೊರುವವರೂ ಇಲ್ಲೇ ಎಡವುತ್ತಾರೆ. ಒಂದೇ ದಫ್ತರದೊಳಗೆ ಒಂದು ಅಂಕಣ ಸತ್ತಿರುತ್ತದೆ, ಪಕ್ಕದ್ದು ಬದುಕಿರುತ್ತದೆ.

ಬದುಕಿದ್ದ ಹಳೆಯ ಲೆಕ್ಕದಿಂದ ಲಾಭವಾದ ಉದಾಹರಣೆಯನ್ನೂ ಕೊಡಬೇಕು. 2016ರಲ್ಲಿ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ ಮತ್ತು ಮೈಕ್ರೋಸಾಫ್ಟ್ ಸೇರಿ ಆಂಧ್ರದ ಕರ್ನೂಲು ಜಿಲ್ಲೆಯ ದೇವನಕೊಂಡದಲ್ಲಿ 175 ರೈತರಿಗೆ ಶೇಂಗಾ ಬಿತ್ತನೆಯ ಸಂದೇಶ ಕಳಿಸಿದರು. 1986ರಿಂದ 2015ರವರೆಗಿನ ಮೂವತ್ತು ವರ್ಷದ ಹವಾಮಾನದಿಂದ ಮಣ್ಣಿನ ತೇವ ಯಾವ ವಾರ ಸಾಕಾಗುತ್ತದೆ ಎಂಬ ಲೆಕ್ಕ ಕಟ್ಟಿ, ಅದರ ಮೇಲೆ ಆ ವರ್ಷದ ದಿನದಿನದ ಮಳೆಯನ್ನು ಕೂಡಿಸಿದ್ದರು. 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಮುಂಗಾರು ಆರಂಭದ ಮುನ್ಸೂಚನೆಯನ್ನು ಮೊಬೈಲ್ ಸಂದೇಶವಾಗಿ ಕಳಿಸಿತು. ಅದರಲ್ಲಿ ಎರಡು ಎಐ ಹವಾಮಾನ ಮಾದರಿಗಳ ಜತೆ ಹವಾಮಾನ ಇಲಾಖೆಯ 125 ವರ್ಷದ ಮಳೆಯ ದಾಖಲೆಯನ್ನೂ ಬೆರೆಸಿದ್ದರು. ಆ ವರ್ಷ ಬೇಗ ಬಂದ ಮುಂಗಾರು ನಡುವೆ ಇಪ್ಪತ್ತು ದಿನ ನಿಂತುಬಿಟ್ಟಿತು. ಆ ತಡೆಯನ್ನು ಮಾದರಿ ಮೊದಲೇ ಹೇಳಿತ್ತು. ಸಂದೇಶಗಳು ಹಿಂದಿ, ಒಡಿಯಾ, ಮರಾಠಿ, ಬಾಂಗ್ಲಾ, ಪಂಜಾಬಿಯಲ್ಲಿ ಹೋದವು. ಕನ್ನಡದಲ್ಲಿ ಯಾವಾಗ ಎಂಬ ಪ್ರಶ್ನೆಯನ್ನು ನಮ್ಮ ಪ್ರತಿನಿಧಿಗಳಿಗೆ ಬಿಡುತ್ತೇನೆ.

ಇನ್ನು ಅಡಿಕೆ. ಈ ಸಭೆಯಲ್ಲಿ ಅಡಿಕೆಯ ಮಾತಾಡದೆ ಇಳಿದರೆ ನನಗೆ ಊಟ ಹಾಕುವುದಿಲ್ಲ.

ಅಡಿಕೆಯ ಧಾರಣೆಯನ್ನು ಹೇಳುವ ಯಂತ್ರ ಕಟ್ಟಲು ಅಂಕಿಗಳಿಗೆ ಬರವಿಲ್ಲ. ಶಿವಮೊಗ್ಗ, ಸಾಗರ, ಸಿರಸಿ, ಚನ್ನಗಿರಿ ಮಾರುಕಟ್ಟೆಗಳ ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ತರಗಳ ದಿನದ ಧಾರಣೆ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಸಿಗುತ್ತದೆ. ಅಡಿಕೆ ಮಾರಾಟದ ಸಹಕಾರ ಸಂಘಗಳಲ್ಲಿ ಮ್ಯಾಮ್ಕೋಸ್ 1939ರಿಂದ ಇದೆ, ಸಿರಸಿಯ ಟಿಎಸ್‌ಎಸ್ 1923ರಿಂದ, ಕ್ಯಾಂಪ್ಕೊ 1973ರಿಂದ. ಅಂಕಿ ಇದೆ, ಅಂಕಿಯ ಹಿಂದಿನ ಕಾರಣ ಮಾತ್ರ ಆ ಕೋಷ್ಟಕದಲ್ಲಿಲ್ಲ. 2011ರ ಮಾರ್ಚ್‌ನಿಂದ ಗುಟ್ಕಾವನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತು. 2013ರ ಮೇ ಕೊನೆಗೆ ರಾಜ್ಯ ಸರ್ಕಾರ ಗುಟ್ಕಾವನ್ನೇ ನಿಷೇಧಿಸಿತು. ಇನ್ನು ಅಡಿಕೆ ಮುಗಿಯಿತು ಎಂದವರು ಬಹಳ. ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಎಂದು ವ್ಯಾಪಾರ ದಾರಿ ಹುಡುಕಿಕೊಂಡಿತು, ಮರುವರ್ಷ 2014ರಲ್ಲಿ ಕೆಂಪಡಿಕೆಯ ಧಾರಣೆ ಅದುವರೆಗೆ ಕಾಣದ ಎತ್ತರಕ್ಕೆ ಹೋಯಿತು. ಎರಡು ವರ್ಷದೊಳಗೆ ಇಳಿಯಿತು. 2016ರ ನವೆಂಬರ್‌ನಲ್ಲಿ ನೋಟು ರದ್ದು. 2017ರ ಜನವರಿಯಲ್ಲಿ ಆಮದು ಅಡಿಕೆಯ ಕನಿಷ್ಠ ಬೆಲೆ ಕಿಲೋಗೆ 251 ರೂಪಾಯಿ, ಜುಲೈನಲ್ಲಿ ಜಿಎಸ್‌ಟಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್, 2021ರಲ್ಲಿ ರಾಶಿ ಕ್ವಿಂಟಾಲಿಗೆ 50 ಸಾವಿರ ದಾಟಿತು. 2022ರಲ್ಲಿ ಎಲೆಚುಕ್ಕಿ ರೋಗ ತೋಟಗಳನ್ನು ಹಿಡಿಯಿತು. 2023ರ ಫೆಬ್ರವರಿಯಲ್ಲಿ ಆಮದಿನ ಕನಿಷ್ಠ ಬೆಲೆ 351 ರೂಪಾಯಿ ಆಯಿತು.

ಈ ಸಾಲಿನಲ್ಲಿ ಒಂದೇ ಒಂದು ‘ಸಾಮಾನ್ಯ’ ಅವಧಿ ನನಗೆ ಕಾಣುವುದಿಲ್ಲ. 2017ಕ್ಕಿಂತ ಹಿಂದಿನ ಕನಿಷ್ಠ ಧಾರಣೆ ಮತ್ತೆ ಬರಬಹುದೇ ಎಂದು ಯಂತ್ರವನ್ನು ಕೇಳಿದರೆ, ಆಮದು ನಿಯಮ ಬದಲಾಗದಿದ್ದರೆ ಎಂಬ ಷರತ್ತನ್ನು ಅದು ತಾನಾಗಿ ಹೇಳುವುದಿಲ್ಲ. ಆ ಷರತ್ತು ದೆಹಲಿಯ ಒಂದು ಅಧಿಸೂಚನೆಯಲ್ಲಿದೆ, ಮಂಡಿಯ ಟೆಂಡರ್ ಅಂಕಿಯಲ್ಲಿಲ್ಲ.

ಹಾಗಾದರೆ ಎಷ್ಟು ವರ್ಷ ಹಿಂದಕ್ಕೆ ನೋಡಬೇಕು? ನನ್ನ ಉತ್ತರ ಇದು: ತೀರ್ಮಾನದ ಆಯುಷ್ಯ ನೋಡಿ. ಮನೆಯ ಅಟ್ಟದಲ್ಲಿರುವ ಒಣಗಿದ ರಾಶಿಯನ್ನು ಈ ವಾರ ಮಂಡಿಗೆ ಹಾಕುವುದೋ ದೀಪಾವಳಿ ಕಳೆದು ಹಾಕುವುದೋ ಎಂಬ ತೀರ್ಮಾನದ ಆಯುಷ್ಯ ವಾರಗಳದ್ದು. ಅದಕ್ಕೆ ಕಳೆದ ಕೆಲವು ತಿಂಗಳ ಧಾರಣೆ ಮತ್ತು ಆವಕ ಸಾಕು, 2002ರ ಲೆಕ್ಕ ಅಡ್ಡಿಯೇ ಹೊರತು ಸಹಾಯವಲ್ಲ. ಭತ್ತದ ಗದ್ದೆಗೆ ಮಣ್ಣು ತುಂಬಿ ಅಡಿಕೆ ಸಸಿ ಇಡುವ ತೀರ್ಮಾನ ಬೇರೆ. ಸಸಿ ಫಸಲಿಗೆ ಬರಲು ಐದಾರು ವರ್ಷ, ಆಮೇಲೆ ನಲವತ್ತು ವರ್ಷಕ್ಕೂ ಮೇಲೆ ಮರ ನಿಲ್ಲುತ್ತದೆ. ಮಕ್ಕಳ ಕಾಲದ ತೀರ್ಮಾನವನ್ನು ಮೂರು ವರ್ಷದ ಧಾರಣೆ ನೋಡಿ ಮಾಡುತ್ತಿದ್ದೇವೆ. 2000ದ ಆಸುಪಾಸಿನಲ್ಲಿ ಧಾರಣೆ ಕುಸಿದಾಗ ತೋಟ ಇದ್ದವರು ಸಾಲ ಹೇಗೆ ತೀರಿಸಿದರು ಎಂಬುದು ಅಂಥ ತೀರ್ಮಾನಕ್ಕೆ ಬೇಕಾದ ದತ್ತಾಂಶ. ಶಿಕಾರಿಪುರ, ಶಿರಾಳಕೊಪ್ಪದ ಬಯಲಿನಲ್ಲಿ ಈಚೆಗೆ ಎದ್ದ ತೋಟಗಳ ಹಿಂದೆ ಅಂಥ ನೆನಪಿಲ್ಲ. ಅವರ ಮನೆಗಳಲ್ಲಿ ಆಗ ಅಡಿಕೆಯೇ ಇರಲಿಲ್ಲ. ಯಂತ್ರಕ್ಕೂ ಆ ನೆನಪು ಇಲ್ಲದಿದ್ದರೆ ಇಬ್ಬರೂ ಸೇರಿ ಒಂದೇ ದಿಕ್ಕಿಗೆ ಓಡುತ್ತಾರೆ.

ಈ ಎರಡು ಬಗೆಯ ತೀರ್ಮಾನಗಳ ನಡುವೆ ಚೇಣಿ ಇದೆ, ಎಂದರೆ ಮರದ ಮೇಲಿರುವ ಫಸಲನ್ನೇ ಗುತ್ತಿಗೆ ಹಿಡಿಯುವುದು. ಚೇಣಿದಾರ ತೋಟದಲ್ಲಿ ತಲೆ ಎತ್ತಿ ನಿಂತು ಕೊನೆ ಎಣಿಸುವುದನ್ನು ನೋಡಿದವರಿಗೆ ಗೊತ್ತು, ಅವನು ಒಂದೇ ಹೊತ್ತಿನಲ್ಲಿ ಮೂರು ಬೇರೆ ಕಿಟಕಿಗಳಿಂದ ನೋಡುತ್ತಾನೆ. ಇಳುವರಿಗೆ ಈ ವರ್ಷದ ಕೊನೆ, ಕೊಳೆ ಎಷ್ಟು ಉದುರಿಸಿದೆ ಎಂಬ ಇವತ್ತಿನ ನೋಟ. ತೋಟದ ಗುಣಕ್ಕೆ ನಾಲ್ಕೈದು ವರ್ಷದ ನೆನಪು: ಈ ತೋಟದಲ್ಲಿ ಒಂದು ವರ್ಷ ತುಂಬಿ ಮರುವರ್ಷ ಕಡಿಮೆಯಾಗುತ್ತದೆಯೇ, ಹಸಿ ಅಡಿಕೆ ಸುಲಿದರೆ ಕ್ವಿಂಟಾಲಿಗೆ ಎಷ್ಟು ಒಣ ಅಡಿಕೆ ಇಳಿಯುತ್ತದೆ. ಮುಂಗಡ ಎಷ್ಟು ಕೊಡಬೇಕು ಎಂಬುದಕ್ಕೆ ಮಾತ್ರ ತನ್ನ ಇಡೀ ಜೀವಮಾನದ ಭಯ: ಧಾರಣೆ ಅರ್ಧಕ್ಕೆ ಇಳಿದರೂ ತಾನು ಉಳಿಯಬೇಕು. ಈ ಮೂರನ್ನು ಒಂದೇ ಸರಾಸರಿಗೆ ಕಲಸುವ ಯಂತ್ರ ಅವನಿಗಿಂತ ಹೆಚ್ಚು ಅಂಕಿ ತಿಂದಿರಬಹುದು, ಅವನಷ್ಟು ಬಲ್ಲದ್ದಲ್ಲ.

ಇತ್ತೀಚಿನದಕ್ಕೇ ಪೂರಾ ತೂಕ ಕೊಟ್ಟರೆ ಏನಾಗುತ್ತದೆ ಎಂದು ತಿಳಿಯಲು ಶುಂಠಿ ಸಾಕು. 2023ರ ಮಳೆಗಾಲದಲ್ಲಿ 60 ಕಿಲೋ ಚೀಲದ ಧಾರಣೆ ಹುಚ್ಚಾಗಿ ಏರಿತು. ಸೊರಬದ ಕಡೆ ಖಾಲಿ ಇದ್ದ ಜಾಗಕ್ಕೆಲ್ಲ ಗುತ್ತಿಗೆ ದರ ಏರಿತು, ಬೀಜದ ಶುಂಠಿಗೆ ಪೈಪೋಟಿ ಆಯಿತು. ಎಂಟು–ಹತ್ತು ತಿಂಗಳಾದ ಮೇಲೆ ಎಲ್ಲರ ಶುಂಠಿಯೂ ಒಟ್ಟಿಗೆ ಹೊರಬಂತು, 2024ರ ಕೊನೆಯ ಹೊತ್ತಿಗೆ ಧಾರಣೆ ನೆಲ ಕಚ್ಚಿತು. ಇದೇನು ಹೊಸದಲ್ಲ. ಹೋದ ಬಾರಿಯ ಬೆಲೆ ನೋಡಿ ಈ ಬಾರಿ ಬಿತ್ತುವವರ ಬೆಲೆಗಳು ಸುತ್ತುವ ಈ ಬಗೆಗೆ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡೋರ್ 1934ರಲ್ಲಿ ‘ಜೇಡರ ಬಲೆ’ ಎಂದು ಹೆಸರಿಟ್ಟ, ಮೊರ್ಡೆಕಾಯ್ ಎಜೆಕಿಯಲ್ 1938ರಲ್ಲಿ ಅದನ್ನು ವಿಸ್ತರಿಸಿ ಬರೆದ. ಹೊಸದು ಏನೆಂದರೆ ವೇಗ. ಒಬ್ಬ ರೈತ ನಿನ್ನೆಯ ಧಾರಣೆ ನಂಬಿದರೆ ಒಂದೆಕರೆ ಶುಂಠಿ. ಒಂದು ಆ್ಯಪ್ ನಿನ್ನೆಯ ಧಾರಣೆ ನಂಬಿ ಹತ್ತು ಸಾವಿರ ರೈತರಿಗೆ ಒಂದೇ ಸಲಹೆ ಕೊಟ್ಟರೆ ಆ ಸಲಹೆಯೇ ಧಾರಣೆಯನ್ನು ಬೀಳಿಸುತ್ತದೆ. ಅಮೆರಿಕದ ಜಿಲೋ ಎಂಬ ಕಂಪನಿ ಮನೆಗಳ ಬೆಲೆಯನ್ನು ಯಂತ್ರದಿಂದ ಊಹಿಸಿ ತಾನೇ ಕೊಂಡು ಮಾರುತ್ತಿತ್ತು. ಏರುವ ಮಾರುಕಟ್ಟೆಯನ್ನು ನಂಬಿ ದುಬಾರಿಗೆ ಕೊಂಡಿತು, 2021ರ ನವೆಂಬರ್‌ನಲ್ಲಿ ಆ ವ್ಯವಹಾರವನ್ನೇ ಮುಚ್ಚಿ ನಾಲ್ಕನೇ ಒಂದು ಭಾಗ ನೌಕರರನ್ನು ಕಳಿಸಿತು. ಅಷ್ಟು ದೊಡ್ಡ ಕಂಪನಿಗೆ ಅಷ್ಟಾದರೆ ಸೊರಬದ ಶುಂಠಿಗೆ ಏನು ಹೇಳೋಣ.

ನಮ್ಮ ರಾಜ್ಯದಲ್ಲೂ ಯಂತ್ರದಿಂದ ಬೆಲೆ ಊಹಿಸುವ ಪ್ರಯತ್ನ ನಡೆದಿದೆ. 2017ರಲ್ಲಿ ಕರ್ನಾಟಕ ಕೃಷಿ ಬೆಲೆ ಆಯೋಗ ಮೈಕ್ರೋಸಾಫ್ಟ್ ಜತೆ ಸೇರಿ ತೊಗರಿಯ ಬೆಲೆ ಮುನ್ಸೂಚನೆಗೆ ಕೈಹಾಕಿತು. ಬಿತ್ತನೆ ಪ್ರದೇಶ, ಉತ್ಪಾದನೆ, ಹವಾಮಾನ ಎಲ್ಲವನ್ನೂ ಬಳಸುವ ಉದ್ದೇಶ ಅದರದ್ದು. ತೊಗರಿಯನ್ನೇ ಆರಿಸಿದ್ದು ಸುಮ್ಮನೆ ಅಲ್ಲ. 2015ರ ಕೊನೆಗೆ ಬೇಳೆ ಕಿಲೋಗೆ 200 ರೂಪಾಯಿ ಆಯಿತು, ಎಲ್ಲರೂ ಬಿತ್ತಿದರು, 2016–17ರಲ್ಲಿ ದಾಖಲೆಯ ಬೆಳೆ ಬಂದು ಕಲಬುರಗಿಯಲ್ಲಿ ಧಾರಣೆ ಕ್ವಿಂಟಾಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಹೋಯಿತು. ಮೆಕ್ಕೆಜೋಳದಲ್ಲಿ 2025ರ ನವೆಂಬರ್‌ನಲ್ಲಿ ಅದೇ ಕಂಡೆವು: ಎಥೆನಾಲ್‌ಗೆ ಬೇಡಿಕೆ ಇದೆ ಎಂಬ ಹಿಂದಿನ ವರ್ಷದ ಉತ್ಸಾಹ, 2,400 ರೂಪಾಯಿ ಬೆಂಬಲ ಬೆಲೆ, ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕಡಿಮೆ. ಬೆಲೆಯ ಯಂತ್ರಕ್ಕೆ ಹಳೆಯ ಧಾರಣೆಗಿಂತ ಈ ವರ್ಷ ಎಷ್ಟು ಎಕರೆ ಬಿತ್ತಿದೆ ಎಂಬ ಅಂಕಿ ಬೇಕು. ಅದು ನಮಗೆ ಸಿಗುವುದು ಬೆಳೆ ಸಮೀಕ್ಷೆ ಮುಗಿದ ಮೇಲೆ, ಬಿತ್ತುವವನಿಗೆ ಆ ಹೊತ್ತಿಗೆ ತಡವಾಗಿರುತ್ತದೆ.

ಕೊನೆಯದಾಗಿ ನಮ್ಮ ಸಹಕಾರ ಸಂಘಗಳಿಗೆ ಒಂದು ಕೆಲಸ ಒಪ್ಪಿಸುತ್ತೇನೆ. ನಾಳೆ ಯಾವುದೋ ಕಂಪನಿ ಬಂದು ನಿಮ್ಮ ಹತ್ತಾರು ವರ್ಷದ ಖಾತೆಪುಸ್ತಕ ಕೊಡಿ, ಧಾರಣೆ ಹೇಳುವ ಯಂತ್ರ ಮಾಡಿಕೊಡುತ್ತೇವೆ ಎನ್ನುತ್ತದೆ. ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ. ಈ ಯಂತ್ರ 2014ರಲ್ಲಿ ಇದ್ದಿದ್ದರೆ, 2013ರವರೆಗಿನ ಲೆಕ್ಕ ಮಾತ್ರ ನೋಡಿ, 2014ಕ್ಕೆ ಏನು ಹೇಳುತ್ತಿತ್ತು? 2016ಕ್ಕೆ, 2020ಕ್ಕೆ? ಹೀಗೆ ವರ್ಷ ವರ್ಷವೂ ಮುಂದಿನದನ್ನು ಮುಚ್ಚಿಟ್ಟು ಪರೀಕ್ಷೆ ಮಾಡಿ ತೋರಿಸಲಿ. ಎಲ್ಲ ವರ್ಷವನ್ನೂ ಒಟ್ಟಿಗೆ ತಿನ್ನಿಸಿ ಆಮೇಲೆ ಅದೇ ವರ್ಷಗಳನ್ನು ಸರಿಯಾಗಿ ಹೇಳಿದರೆ ಅದು ಪ್ರಶ್ನೆಪತ್ರಿಕೆ ಮೊದಲೇ ನೋಡಿದ ಹುಡುಗನ ಅಂಕ. ಎರಡನೆಯದು, ಹಳೆಯದಕ್ಕೆ ಎಷ್ಟು ತೂಕ, ಹೊಸದಕ್ಕೆ ಎಷ್ಟು, ಅದನ್ನು ಯಾರು, ಯಾವಾಗ ಬದಲಿಸುತ್ತಾರೆ ಎಂಬುದು ಕರಾರಿನಲ್ಲಿ ಬರೆದಿರಲಿ.

ಕಂಪನಿ ಬರುವುದಕ್ಕೂ ಕಾಯಬೇಕಿಲ್ಲ. ಧಾರಣೆ ಬರೆಯುವ ಪುಸ್ತಕದಲ್ಲಿ ಇನ್ನೊಂದು ಅಂಕಣ ಸೇರಿಸಿ: ಆ ವಾರ ಏನಾಯಿತು. ಎಲೆಚುಕ್ಕಿ ಯಾವ ಹೋಬಳಿಯಲ್ಲಿ ಮೊದಲು ಕಂಡಿತು, ಆಮದು ಸುಂಕದ ಅಧಿಸೂಚನೆ ಯಾವ ದಿನ ಬಂತು, ಕೊನೆ ಇಳಿಸಲು ಜನ ಸಿಗದೆ ಎಷ್ಟು ದಿನ ಹೋಯಿತು, ಉತ್ತರದ ವ್ಯಾಪಾರಿಗಳು ಎಂದು ಖರೀದಿ ನಿಲ್ಲಿಸಿದರು. ದಿನಕ್ಕೆ ಎರಡು ಸಾಲು ಸಾಕು. ಬರೆಯಲು ಸಂಘದ ಗುಮಾಸ್ತರಿಗೆ ಸಂಬಳ ಹೆಚ್ಚು ಕೊಡಬೇಕಾದೀತು, ಕೊಡಿ. ಯಾವ ವರ್ಷದ ಲೆಕ್ಕ ಇನ್ನೂ ನಡೆಯುತ್ತದೆ, ಯಾವುದನ್ನು ಪಕ್ಕಕ್ಕಿಡಬೇಕು ಎಂದು ಹತ್ತು ವರ್ಷದ ನಂತರ ಯಂತ್ರ ಕೇಳಿದಾಗ ಆ ಅಂಕಣವನ್ನೇ ತೆರೆದು ಕೊಡಬಹುದು. ಈ ಊರಿನ ಸಂಘ ಒಪ್ಪುವುದಾದರೆ ಮೊದಲ ಪುಟಕ್ಕೆ ಯಾವ ಸಂಗತಿಗಳು ಬೇಕೆಂದು ಕೂತು ಪಟ್ಟಿ ಮಾಡಲು ನಾನು ಊಟದ ನಂತರ ಇಲ್ಲೇ ಇರುತ್ತೇನೆ.